ಸೇಂಟ್ ಮೇರೀಸ್ ದ್ವೀಪಕ್ಕೆ ಕ್ಯಾಮೆರಾ ಒಯ್ಯುತ್ತೀರಾ? ಬ್ಯಾಗ್ ತುಂಬುವ ಮುನ್ನ ಇದನ್ನು ಓದಿ

ಮಲ್ಪೆ: ಮಳೆಗಾಲ ಮುಗಿದು ಬೋಟ್ ಶುರುವಾದರೆ ಸಾಕು, ತೋನ್ಸೆಪಾರ್ ಅಥವಾ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟವರ ಹೆಗಲಲ್ಲಿ ದೊಡ್ಡ ದೊಡ್ಡ ಕ್ಯಾಮೆರಾ ಬ್ಯಾಗ್ ಕಾಣುತ್ತದೆ. ಅದರಲ್ಲಿ ಅರ್ಧ ಸಾಮಾನು ಹೊರಗೆ ಬರುವುದೇ ಇಲ್ಲ. ಬಂದದ್ದಕ್ಕೆ ಉಪ್ಪು ಹಿಡಿಯುತ್ತದೆ.

ಇಲ್ಲಿಗೆ ಬೋಟ್ ಇರುವುದು ಹಗಲಲ್ಲಿ ಮಾತ್ರ, ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಸಿಗುವುದು ಹೆಚ್ಚಾಗಿ ನೆತ್ತಿ ಸುಡುವ ಬಿಸಿಲಿನ ಬೆಳಕು. ಸೂರ್ಯೋದಯ, ಸೂರ್ಯಾಸ್ತದ ಆಸೆಗೆ ಭಾರದ ಟ್ರೈಪಾಡ್ ಹೊತ್ತು ಹೋಗುವುದು ದಂಡ. ಆ ದುಡ್ಡಿಗೆ ಒಂದು ಪೋಲರೈಸರ್ ಫಿಲ್ಟರ್ ತಗೊಳ್ಳಿ. ನೀರಿನ ಮೇಲಿನ, ಒದ್ದೆ ಕಲ್ಲಿನ ಮೇಲಿನ ಹೊಳಪನ್ನು ಅದು ತಗ್ಗಿಸುತ್ತದೆ, ಆಕಾಶದ ನೀಲಿ ಗಾಢವಾಗುತ್ತದೆ. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಪರಿಣಾಮ ಜಾಸ್ತಿ. ಫಿಲ್ಟರ್ ಕೊಳ್ಳುವಾಗ ಲೆನ್ಸ್‌ನ ವ್ಯಾಸದ ಅಳತೆ ನೋಡಿಕೊಳ್ಳಿ. ಮೊಬೈಲ್‌ನವರು ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸ್ ಮುಂದೆ ಹಿಡಿದರೂ ಕೆಲಸ ಆಗುತ್ತದೆ!

ಲೆನ್ಸ್ ಒಂದೇ ಸಾಕು. ಕಿಟ್ ಜೊತೆ ಬರುವ 18-55 ಅಥವಾ ಫುಲ್ ಫ್ರೇಮ್‌ಗೆ 24-70. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಲಾವಾ ತಣ್ಣಗಾಗಿ ಸೀಳಿ ನಿಂತ ಈ ಕಂಬಗಳ ಚಂದ ಇರುವುದು ಐದಾರು ಮೂಲೆಗಳ ಆಕಾರದಲ್ಲಿ. ಅದಕ್ಕೆ ಹತ್ತಿರ ಹೋಗಿ, ಬಗ್ಗಿ ನೋಡಬೇಕು. ದೂರದ ಹಕ್ಕಿ ತೆಗೆಯುವವರನ್ನು ಬಿಟ್ಟರೆ ಟೆಲಿ ಲೆನ್ಸ್ ಬರೀ ಹೊರೆ. ಅಲ್ಲದೆ ಗಾಳಿಯಲ್ಲಿ ಲೆನ್ಸ್ ಬದಲಾಯಿಸಿದರೆ ಮರಳು, ಉಪ್ಪಿನ ಹನಿ ಸೀದಾ ಸೆನ್ಸರ್‌ಗೆ.

'ವೆದರ್ ಸೀಲ್ಡ್' ಎಂದು ಬರೆದಿದೆಯಲ್ಲ ಎಂಬ ಧೈರ್ಯ ಬೇಡ. ಅದು ತುಂತುರು ಮಳೆ, ಧೂಳಿಗೆ, ಸಮುದ್ರದ ನೀರಿಗಲ್ಲ. ಐಪಿ68 ಮೊಬೈಲ್‌ನ ಪರೀಕ್ಷೆಯೂ ಸಿಹಿ ನೀರಿನಲ್ಲೇ. ಬೋಟ್ ಹತ್ತಿ ಇಳಿಯುವಾಗ ಎಲ್ಲವೂ ಡ್ರೈ ಬ್ಯಾಗ್‌ನೊಳಗೆ ಇರಲಿ. ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಂಡು ಹೋಗುವ ಯೋಚನೆ ಬಿಡಿ, ದ್ವೀಪಕ್ಕೆ ಪ್ಲಾಸ್ಟಿಕ್ ನಿಷಿದ್ಧ.

ಮನೆಗೆ ಬಂದ ಮೇಲೆ ಹಲವರು ಮಾಡುವ ತಪ್ಪೊಂದಿದೆ: ಅಂಗಿಯ ತುದಿಯಿಂದ ಲೆನ್ಸ್ ಒರೆಸುವುದು. ಒಣಗಿದ ಉಪ್ಪಿನ ಹರಳು ಗಾಜಿಗೆ ಗೀರು ಹಾಕುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಸಿಹಿ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಬಾಡಿ ಒರೆಸಿ. ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸ್‌ನೊಳಗೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಎಸಿ ಕಾರಿನಿಂದ ಇಳಿದು ಕೂಡಲೇ ಕ್ಯಾಮೆರಾ ತೆಗೆದರೂ ಗಾಜು ಮಂಜಾಗುತ್ತದೆ. ಅರ್ಧ ಗಂಟೆ ಬ್ಯಾಗ್‌ನಲ್ಲೇ ಇರಲಿ.

ಕ್ಯಾಮೆರಾ ಹಾಳಾದರೆ ರಿಪೇರಿ ಇದೆ. ಕಂಬಗಳ ಅಂಚಿನಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ, ಫೈಂಡರ್‌ಗೆ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಇಡುವವರಿಗೆ ಅಲೆ ಬಂದದ್ದೇ ಗೊತ್ತಾಗುವುದಿಲ್ಲ. ನಿಂತು ತೆಗೆಯಿರಿ, ನಡೆಯುವಾಗ ಕ್ಯಾಮೆರಾ ಕತ್ತಿನಲ್ಲಿರಲಿ, ಜೀವರಕ್ಷಕರು ಬೇಡ ಎಂದ ಜಾಗಕ್ಕೆ ಹೋಗಬೇಡಿ. ಡ್ರೋನ್ ಹಾರಿಸುವುದಿದ್ದರೆ ಅನುಮತಿ ಮೊದಲೇ ಪಡೆದಿರಬೇಕು. ಟಿಕೆಟ್ ಮಾಡುವಾಗಲೇ ಕೊನೆಯ ಬೋಟ್ ಎಷ್ಟು ಗಂಟೆಗೆ ಎಂದು ಕೇಳಿಟ್ಟುಕೊಳ್ಳಿ.