ಒಂದೇ ಸೂರ್ಯಾಸ್ತ, ಎರಡು ಗಡಿಯಾರ

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜಿದ್ದಾ ಎರಡೂವರೆ ಗಂಟೆ ಹಿಂದೆ. ಗಲ್ಫ್‌ನಲ್ಲಿ ದುಡಿಯುವವರಿರುವ ನಮ್ಮ ಮನೆಗಳಲ್ಲಿ ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ವರ್ಷವಿಡೀ ಅದು ಬದಲಾಗುವುದಿಲ್ಲ. ಆದರೆ ಪಕ್ಕಪಕ್ಕದ ಎರಡು ದೇಶಗಳ ನಡುವೆ ಈ ಅಂತರ ಒಂದೇ ವರ್ಷದಲ್ಲಿ ನಾಲ್ಕು ಸಲ ಬದಲಾದರೆ? ಮೊರಾಕ್ಕೊ ಮತ್ತು ಸ್ಪೇನ್‌ನ ಕಥೆ ಅಂಥದ್ದು.

ಮೊರಾಕ್ಕೊದ ಉತ್ತರ ಕರಾವಳಿಗೆ ಅಂಟಿಕೊಂಡಿರುವ ಸೆಉತಾ ನಗರ ಸ್ಪೇನ್‌ನ ಆಡಳಿತದಲ್ಲಿದೆ. ಅಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗಡಿಯ ಈಚೆಗಿರುವುದು ಮೊರಾಕ್ಕೊದ ಫನೀದಖ್ ಪಟ್ಟಣ. ಎರಡೂ ಊರುಗಳಿಗೆ ಸೂರ್ಯ ಮುಳುಗುವುದು ಒಂದೇ ಹೊತ್ತಿಗೆ. ಗಡಿಯಾರ ಮಾತ್ರ ಬೇರೆ.

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಮೊರಾಕ್ಕೊ 2008ರಲ್ಲಿ ಮತ್ತೆ ತಂದಿತು. ಆದರೆ ಹಾಗೆ ಮಾಡಿದರೆ ಇಫ್ತಾರ್ ಗಡಿಯಾರದ ಪ್ರಕಾರ ಒಂದು ಗಂಟೆ ತಡವಾಗುತ್ತದೆ, ರಾತ್ರಿಯ ನಿದ್ದೆ ಕಡಿಮೆಯಾಗುತ್ತದೆ. ಹೀಗಾಗಿ ಮೊದಲ ವರ್ಷಗಳಲ್ಲಿ ರಮಝಾನ್ ಬರುವ ಮುನ್ನವೇ ಬೇಸಿಗೆ ಸಮಯವನ್ನು ಮುಗಿಸಲಾಯಿತು. 2012ರಿಂದ ರಮಝಾನ್‌ನಲ್ಲಿ ಮಾತ್ರ ಅದನ್ನು ತಡೆಹಿಡಿದು, ಬಳಿಕ ಮುಂದುವರಿಸುವ ಕ್ರಮ ಬಂತು. 2018ರ ಅಕ್ಟೋಬರ್‌ನಲ್ಲಿ, ಗಡಿಯಾರ ಹಿಂದಿಡಲು ಎರಡೇ ದಿನ ಉಳಿದಿದ್ದಾಗ, ಸರಕಾರ ಬೇಸಿಗೆ ಸಮಯವನ್ನೇ ವರ್ಷವಿಡೀ ಉಳಿಸಿತು. ಕತ್ತಲಲ್ಲಿ ಶಾಲೆಗೆ ಹೊರಡಬೇಕಾದ ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. ರಮಝಾನ್‌ನ ವಿನಾಯಿತಿ ಮಾತ್ರ ಉಳಿಯಿತು.

ಇದರ ಫಲ 2023ರಲ್ಲಿ ಹೀಗಿತ್ತು. ಚಳಿಗಾಲದಲ್ಲಿ ಎರಡೂ ದೇಶಗಳ ಸಮಯ ಒಂದೇ. ಮಾರ್ಚ್ 19ರಂದು ಮೊರಾಕ್ಕೊ ರಮಝಾನ್‌ಗಾಗಿ ಗಡಿಯಾರ ಹಿಂದಿಟ್ಟಿತು. ಅಂತರ ಒಂದು ಗಂಟೆ. ಮಾರ್ಚ್ 26ರಂದು ಸ್ಪೇನ್ ಮುಂದಿಟ್ಟಿತು. ಅಂತರ ಎರಡು ಗಂಟೆ. ಏಪ್ರಿಲ್ 23ರಂದು ಮತ್ತೆ ಒಂದು ಗಂಟೆ. ಅಕ್ಟೋಬರ್ ಕೊನೆಗೆ ಪುನಃ ಸಮ. ಏಪ್ರಿಲ್ ಆರಂಭದಲ್ಲಿ ಫನೀದಖ್‌ನಲ್ಲಿ ಸಂಜೆ ಸುಮಾರು 6.40ಕ್ಕೆ ಮಗ್ರಿಬ್ ಆದರೆ, ಕೂಗಳತೆಯ ಸೆಉತಾದಲ್ಲಿ ಅದೇ ಕ್ಷಣ ಗಡಿಯಾರ 8.40 ತೋರಿಸುತ್ತಿತ್ತು. ಗಡಿಯ ಒಂದು ಬದಿ ಮನೆ, ಇನ್ನೊಂದು ಬದಿ ಕೆಲಸ ಇರುವವರು ಎರಡೂ ಲೆಕ್ಕಗಳನ್ನು ನೆನಪಿಡಬೇಕು.

ನಮ್ಮ ನೆರೆಯಲ್ಲೂ ಇಂಥದ್ದು ನಡೆದಿದೆ. ಸಾಮಾನ್ಯವಾಗಿ ಭಾರತಕ್ಕಿಂತ ಅರ್ಧ ಗಂಟೆ ಹಿಂದಿರುವ ಪಾಕಿಸ್ತಾನ 2008 ಮತ್ತು 2009ರ ಬೇಸಿಗೆಯಲ್ಲಿ ಅರ್ಧ ಗಂಟೆ ಮುಂದಾಯಿತು. 2009ರಲ್ಲಿ ಬಾಂಗ್ಲಾದೇಶ ನಮಗಿಂತ ಒಂದೂವರೆ ಗಂಟೆ ಮುಂದೆ ಹೋಯಿತು. ಎರಡೂ ದೇಶಗಳು ಬಳಿಕ ಅದನ್ನು ಕೈಬಿಟ್ಟವು.

ಗಡಿಯಾರದ ಅಂಕಿ ಮನುಷ್ಯರು ಮಾಡಿಕೊಂಡ ಒಪ್ಪಂದ, ಅದನ್ನು ತಿದ್ದಬಹುದು. ನಮಾಝ್ ಮತ್ತು ಉಪವಾಸದ ವೇಳೆಯಾದರೋ ಅಲ್ಲಾಹನು ಸೂರ್ಯನ ಚಲನೆಗೆ ಜೋಡಿಸಿದ್ದು. ಯಾವ ಸರಕಾರದ ಆದೇಶವೂ ಉಪವಾಸವನ್ನು ಒಂದು ನಿಮಿಷ ಉದ್ದ ಮಾಡದು, ಗಿಡ್ಡವೂ ಮಾಡದು. ಆದರೆ ಬಸ್ಸು, ಶಾಲೆ, ಕೂಲಿ ಎಲ್ಲವೂ ಗಡಿಯಾರದ ಮೇಲೆಯೇ ನಡೆಯುತ್ತವೆ. ಆದ್ದರಿಂದ ಅದನ್ನು ಬದಲಿಸುವವರು ಜನರಿಗೆ ಸಾಕಷ್ಟು ಮುಂಚಿತವಾಗಿ ತಿಳಿಸುವುದು ಅವರ ಹೊಣೆ. ಯುರೋಪಿನಲ್ಲಿರುವ ನಮ್ಮ ಮಕ್ಕಳೂ ನಮಾಝ್ ವೇಳಾಪಟ್ಟಿ ನೋಡುವಾಗ ಊರಿನ ಹೆಸರಿನೊಂದಿಗೆ ಅದು ಯಾವ ದಿನಾಂಕದ್ದೆಂಬುದನ್ನೂ ಗಮನಿಸಲಿ.