ವಾಡಿ ಮಾರ್ಗಕ್ಕೆ ಬಂದ ಮದರಾಸು ಸಮಯ

ಪೂರ್ವದ ಚಿಂಚೋಳಿಯಲ್ಲಿ ಸೂರ್ಯನು ನೆತ್ತಿಗೆ ಬಂದ ಮೇಲೆ ಸೇಡಂ, ಚಿತ್ತಾಪುರ, ವಾಡಿಗಳನ್ನು ದಾಟಿ ಶಹಾಬಾದಿನಲ್ಲಿ ನಡುಹಗಲಾಗಲು ಸುಮಾರು ಎರಡು ನಿಮಿಷ ಹಿಡಿಯುತ್ತದೆ. ರೈಲು ಬರುವವರೆಗೆ ಈ ಅಂತರವು ಯಾರಿಗೂ ತೊಡಕಾಗಿರಲಿಲ್ಲ. ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದ ದಾನಶಾಸನಗಳು ಶಕವರ್ಷ, ಮಾಸ, ತಿಥಿ, ಗ್ರಹಣ, ಸಂಕ್ರಾಂತಿಗಳನ್ನು ನಮೂದಿಸುತ್ತವೆಯೇ ಹೊರತು ನಿಮಿಷದ ಲೆಕ್ಕಕ್ಕೆ ಇಳಿಯುವುದಿಲ್ಲ. ತಳದಲ್ಲಿ ಸಣ್ಣ ರಂಧ್ರವಿದ್ದು, ನೀರಿನ ಮೇಲೆ ತೇಲಿಬಿಟ್ಟಾಗ ತುಂಬಿ ಮುಳುಗಲು 24 ನಿಮಿಷ ತೆಗೆದುಕೊಳ್ಳುವ ಗಳಿಗೆ ಬಟ್ಟಲು ಆಯಾ ಊರಿನ ಮಟ್ಟಿಗೆ ಸಾಕಾಗಿತ್ತು. ಒಂದೂರಿನ ಬಟ್ಟಲು ಇನ್ನೊಂದೂರಿನ ಬಟ್ಟಲಿನೊಡನೆ ತಾಳೆಯಾಗಬೇಕಾದ ಪ್ರಸಂಗವೇ ಇರಲಿಲ್ಲ.

ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಹೈದರಾಬಾದಿಗೆ ನಿಜಾಮರ ಮಾರ್ಗವೂ ತೆರೆಯಿತು. ಆಗ ಮುಂಬಯಿಯ ಗಡಿಯಾರವು ವಾಡಿಯ ಸೂರ್ಯನಿಗಿಂತ ಸುಮಾರು 17 ನಿಮಿಷ ಹಿಂದೆಯೂ ಮದರಾಸಿನದು ಸುಮಾರು 13 ನಿಮಿಷ ಮುಂದೆಯೂ ಇತ್ತು. ರೈಲ್ವೆಗಳು ಒಪ್ಪಿಕೊಂಡದ್ದು ಮದರಾಸು ಸಮಯವನ್ನು. ಮದರಾಸಿನ ಖಗೋಳ ವೀಕ್ಷಣಾಲಯವು ನಕ್ಷತ್ರಗಳ ಚಲನೆಯಿಂದ ಗಣಿಸಿದ ಈ ಸಮಯವು ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ತಂತಿಯ ಮೂಲಕ ಹರಡುತ್ತಿತ್ತು. ಮುಂಬಯಿ ನಗರಕ್ಕೂ ಅದನ್ನೇ ಹೇರಲು ಸರ್ಕಾರವು 1881ರಲ್ಲಿ ಹೊರಟಾಗ ನಾಗರಿಕರು ಸೊಪ್ಪು ಹಾಕಲಿಲ್ಲ, ಆದೇಶವನ್ನು ಹಿಂತೆಗೆಯಬೇಕಾಯಿತು.

ಸ್ಟೇಷನ್ನುಗಳಿಗೆ ಈ ಹಟ ಸಲ್ಲುತ್ತಿರಲಿಲ್ಲ. ಗಾಡಿ ಬಿಡುವ ಮುನ್ನ ಸ್ಟೇಷನ್ ಮಾಸ್ತರರು ಮುಂದಿನ ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’, ಅಂದರೆ ಹಳಿ ಖಾಲಿಯಿದೆಯೆಂಬ ಅನುಮತಿ ಪಡೆದು, ಕೇಳಿದ ಹೊತ್ತು, ಸಿಕ್ಕ ಹೊತ್ತು, ಗಾಡಿ ಹೊರಟ ಹೊತ್ತು ಇವೆಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕಾಗುತ್ತದೆ. ನೆರೆಯ ಸ್ಟೇಷನ್ನಿನ ಗಡಿಯಾರವು ತುಸು ಹೆಚ್ಚಾಗಿಯೇ ಮುಂದೆ ಹೋದರೆ, ಗಾಡಿಯು ಅಲ್ಲಿಂದ ಹೊರಡುವ ಮೊದಲೇ ಇಲ್ಲಿಗೆ ಬಂದಿತೆಂದು ರಿಜಿಸ್ಟರು ಸಾರುತ್ತದೆ. ಅಪಘಾತದ ವಿಚಾರಣೆಯಲ್ಲಿ ಅಂತಹ ದಾಖಲೆಗೆ ಕಿಮ್ಮತ್ತಿಲ್ಲ. ಇಲ್ಲಿ ಬೇಕಾದದ್ದು ಸೂರ್ಯನ ನಿಜವಾದ ಹೊತ್ತಲ್ಲ, ನೆರೆಹೊರೆಯ ಗಡಿಯಾರಗಳ ಹೊಂದಾಣಿಕೆ.

ಕೇಂದ್ರ ಯಂತ್ರವಿಲ್ಲದ ನಿಸ್ತಂತು ಜಾಲಗಳ ಪೇಚೂ ಇದೇ ಬಗೆಯದು. ನೋಡ್ ಎನ್ನಿಸಿಕೊಳ್ಳುವ ಪುಟ್ಟ ಸಾಧನಗಳಲ್ಲಿ ಪ್ರತಿಯೊಂದರ ಗಡಿಯಾರವೂ ತನ್ನದೇ ವೇಗದಲ್ಲಿ ಜಾರುವುದರಿಂದ, ಅವು ಸಂದೇಶದ ಜೊತೆಗೆ ಕಳುಹಿಸಿದ ಹೊತ್ತನ್ನೂ ಸೇರಿಸಿ, ಹೋಗಿಬರಲು ಹಿಡಿದ ಅವಧಿಯ ಅರ್ಧವನ್ನು ದಾರಿಯ ವಿಳಂಬವೆಂದು ಎಣಿಸಿ ತಿದ್ದಿಕೊಳ್ಳುತ್ತವೆ. 2002ರಲ್ಲಿ ಪ್ರಕಟವಾದ ಇನ್ನೊಂದು ವಿಧಾನದಲ್ಲಿ ಒಂದೇ ಪ್ರಸಾರವನ್ನು ಕೇಳಿದ ನೋಡ್‌ಗಳು, ಅದು ತಮಗೆ ಕೇಳಿಸಿದ ಹೊತ್ತನ್ನು ಪರಸ್ಪರ ಹೋಲಿಸಿಕೊಳ್ಳುತ್ತವೆ. ಹೀಗಾಗಿ ಕಳುಹಿಸಿದವನ ಕಡೆಯ ವಿಳಂಬವು ಲೆಕ್ಕದಿಂದಲೇ ಹೊರಗುಳಿಯುತ್ತದೆ. ಸಮಯವನ್ನು ಕೈಯಿಂದ ಕೈಗೆ ದಾಟಿಸುವ ವಿಧಾನಗಳೂ ಇವೆ, ಆದರೆ ಪ್ರತಿ ದಾಟಿನಲ್ಲೂ ದೋಷವು ಸ್ವಲ್ಪಸ್ವಲ್ಪವೇ ಕೂಡುತ್ತ ಹೋಗುತ್ತದೆ. ರೈಲ್ವೆಗೆ ಈ ಕೊನೆಯ ದಾರಿಯೂ ಹೊಸದಲ್ಲ: ಗಾಡಿ ಹೊರಡುವ ಮುನ್ನ ಗಾರ್ಡು ಸ್ಟೇಷನ್ನಿನ ಗಡಿಯಾರಕ್ಕೆ ತನ್ನ ಕೈಗಡಿಯಾರವನ್ನು ಹೊಂದಿಸಿಕೊಂಡು ಚಾಲಕನಿಗೆ ಹೊತ್ತು ತಿಳಿಸಬೇಕು, ಚಾಲಕನು ಅದರಂತೆ ತನ್ನದನ್ನು ತಿದ್ದಿಕೊಳ್ಳಬೇಕು ಎಂಬುದು ರೈಲ್ವೆಯ ಸಾಮಾನ್ಯ ನಿಯಮ.

ಭಾರತೀಯ ಪ್ರಮಾಣ ಸಮಯವು 1906ರ ಜನವರಿ 1ರಿಂದ ಜಾರಿಗೆ ಬಂದು, ಮದರಾಸು ಸಮಯಕ್ಕಿಂತ ಸುಮಾರು ಒಂಬತ್ತು ನಿಮಿಷ ಮುಂದಾಯಿತು. ಪ್ರಮಾಣ ಸಮಯವನ್ನು ಪ್ರತಿದಿನ 16.00 ಗಂಟೆಗೆ ಮುಖ್ಯ ಸ್ಟೇಷನ್ನುಗಳಿಗೆ ತಲುಪಿಸಬೇಕೆಂಬ ವಿಧಿಯು ಆ ಬಳಿಕವೂ ರೈಲ್ವೆ ನಿಯಮಾವಳಿಯಲ್ಲಿ ಉಳಿದುಕೊಂಡಿದೆ. ನಮಾಜಿನ ವೇಳೆ ಮಾತ್ರ ಈ ಒಪ್ಪಂದದ ಹೊರಗೇ ಉಳಿಯಿತು: ಮಗ್ರಿಬ್ ನಮಾಜು ಆಯಾ ಊರಿನ ಸೂರ್ಯಾಸ್ತವನ್ನೇ ಅನುಸರಿಸುವುದರಿಂದ, ಚಿಂಚೋಳಿಯಲ್ಲಿ ಅದರ ಹೊತ್ತು ಶಹಾಬಾದಿಗಿಂತ ತುಸು ಮೊದಲೇ ಆಗುತ್ತದೆ.