ಕಪಿಶೀರ್ಷ: ಕೋಟೆ ಗೋಡೆಯ ತಲೆಗೆ ಬಂದ ಹೆಸರು

ಕೋಟೆ ಗೋಡೆಯ ತುದಿಯಲ್ಲಿ, ನಡುವೆ ಸಂದು ಬಿಟ್ಟು ಸಾಲಾಗಿ ಕಟ್ಟಿದ ಗುಂಡುತಲೆಯ ಮರೆಗಳಿಗೆ ಸಂಸ್ಕೃತದಲ್ಲಿ 'ಕಪಿಶೀರ್ಷ' ಎಂದು ಹೆಸರು. ಪ್ರಾಕೃತದಲ್ಲಿ 'ಕವಿಸೀಸಗ', ಕನ್ನಡದಲ್ಲಿ 'ತೆನೆ'. ಸೈನಿಕರು ಮರೆಯಲ್ಲಿ ನಿಂತು ಸಂದಿನಿಂದ ಬಾಣ ಬಿಡುತ್ತಿದ್ದರು.

ನಮ್ಮ ಸ್ವಾಧ್ಯಾಯದಲ್ಲಿ ಒಮ್ಮೆ ಒಬ್ಬ ಹುಡುಗ ಕೇಳಿದ: "ಚಂಪಾನಗರಿಯ ಗೋಡೆ ಮೇಲೆ ಕೋತಿ ತಲೆಗಳಿದ್ದವು ಅಂತ ಬರೆದಿದೆಯಲ್ಲ ಅಜ್ಜ, ಯಾರು ಕಡಿದದ್ದು?" ಎಲ್ಲರೂ ನಕ್ಕರು. ಆದರೆ ಕೇಳಿದ್ದರಲ್ಲಿ ತಪ್ಪಿಲ್ಲ. ಕಪಿ ಎಂದರೆ ಕೋತಿ, ಶೀರ್ಷ ಎಂದರೆ ತಲೆ. ಅನುವಾದಿಸಿದವರು ಪದ ಬಿಡಿಸಿ ಹಾಗೆಯೇ ಇಟ್ಟಿದ್ದರು. ಇದು ಆಕಾರದಿಂದ ಬಂದ ಹೆಸರು. ದೂರದಿಂದ ನೋಡಿದರೆ ಗೋಡೆಯ ಹಿಂದೆ ಕೋತಿಗಳು ಸಾಲಾಗಿ ಕೂತು ತಲೆ ಎತ್ತಿದಂತೆ ಕಾಣುತ್ತದೆ, ಅಷ್ಟೆ. ಶ್ವೇತಾಂಬರ ಆಗಮವಾದ ಔಪಪಾತಿಕ ಸೂತ್ರ ಚಂಪಾನಗರಿಯನ್ನು ವರ್ಣಿಸುವಾಗ ಈ ಕಪಿಶೀರ್ಷಗಳು ದುಂಡಗಿದ್ದವು ಎಂದೇ ಹೇಳುತ್ತದೆ. ವಾಸುಪೂಜ್ಯ ತೀರ್ಥಂಕರರ ಆ ಊರಿನಲ್ಲಿ ಯಾವ ಪ್ರಾಣಿಯ ತಲೆಯನ್ನೂ ಗೋಡೆಗೆ ಏರಿಸಿರಲಿಲ್ಲ.

ಪದ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗ ಕಟ್ಟುವ ವಿಧಾನ ಹೇಳುವ ಕಡೆ ಬರುತ್ತದೆ. 12ನೇ ಶತಮಾನದ ಆಚಾರ್ಯ ಹೇಮಚಂದ್ರರು ತಮ್ಮ ಅಭಿಧಾನಚಿಂತಾಮಣಿ ಎಂಬ ನಿಘಂಟಿನಲ್ಲಿ ಪ್ರಾಕಾರದ ತುದಿಗೆ ಈ ಹೆಸರನ್ನೇ ಕೊಟ್ಟಿದ್ದಾರೆ. ಅವರ ತ್ರಿಷಷ್ಟಿಶಲಾಕಾಪುರುಷಚರಿತ್ರೆಯ ಸಮವಸರಣಕ್ಕೆ ಮೂರು ಪ್ರಾಕಾರ. ಹೊರಗಿನದು ಬೆಳ್ಳಿಯದು, ಅದಕ್ಕೆ ಚಿನ್ನದ ಕಪಿಶೀರ್ಷ. ನಡುವಿನದು ಚಿನ್ನದ್ದು, ಅದಕ್ಕೆ ರತ್ನದ್ದು. ಒಳಗಿನದು ರತ್ನದ್ದು, ಅದಕ್ಕೆ ಮಣಿಯದ್ದು. ಅಲ್ಲಿ ಬಾಣ ಬಿಡುವವರಿಲ್ಲ, ವೈರವೇ ಇಲ್ಲದ ಜಾಗ. ಕೋಟೆಯ ಅಂಗ ಅಲ್ಲಿ ಬರೀ ಶೋಭೆ. ನಮ್ಮ ದಿಗಂಬರ ಪರಂಪರೆಯ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವರ್ಣನೆ ಬೇರೆ, ಹೊರಗೆ ರತ್ನದ ಧೂಳಿಯಿಂದಾದ ಧೂಳಿಸಾಲ ಬರುತ್ತದೆ.

ಕನ್ನಡದ ತೆನೆ ನನಗೆ ಹೆಚ್ಚು ಇಷ್ಟ. ಜೋಳದ ತೆನೆಗೂ ಅದೇ ಮಾತು. ಗೋಡೆಯ ಮೇಲೂ ಹೊಲದಲ್ಲಿ ನಿಂತಂತೆ ಸಾಲು.

ಈಗ ಮನೆ ಕಟ್ಟುವವರು ತಾರಸಿಯ ಅಂಚಿನ ಗೋಡೆಗೆ ಪ್ಯಾರಾಪೆಟ್ ಎನ್ನುತ್ತಾರೆ. ಅದು ಇಟಲಿಯ ಮಾತು, ಎದೆಯನ್ನು ಕಾಯುವುದು ಎಂದರ್ಥ. ಬಸದಿಯ ಮಾಳಿಗೆ ಅಂಚನ್ನೂ ಕಪಿಶೀರ್ಷ ಎಂದು ಕರೆಯುವವರಿದ್ದಾರೆ, ಅದು ಸರಿಯಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಚಾವುಂಡರಾಯ ಬಸದಿಯ ಗೋಡೆ ಮೇಲಿರುವ ಪುಟ್ಟ ಗುಡಿಗಳಂಥ ಸಾಲಿಗೆ 'ಹಾರ' ಎನ್ನಬೇಕು. ಅದರ ಗೂಡುಗಳಲ್ಲಿ ಕೂತಿರುವುದು ಜಿನಬಿಂಬಗಳು.